ಕಡಲ ನಡುವಿನ ಮಾತಿನ ಬೆಲೆ

ಪ್ರವಾಸಿ ಹಡಗಿನ ಟಿಕೆಟ್ಟಿನಲ್ಲಿ ಬಹಳಷ್ಟು ಸೇರಿರುತ್ತದೆ. ಮೂರು ಹೊತ್ತಿನ ಊಟ, ನಡುನಡುವೆ ಹಣ್ಣು, ಐಸ್‌ಕ್ರೀಂ, ಈಜುಕೊಳ, ರಾತ್ರಿಯ ಸಂಗೀತ, ಬೆಳಗ್ಗೆ ಎದ್ದು ಹೊರಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಅಚ್ಚುಕಟ್ಟಾಗುವ ಹಾಸಿಗೆ. ಸೇರದೆ ಉಳಿಯುವುದು ಮನೆಯವರ ಜೊತೆಗಿನ ಮಾತು. ಅದಕ್ಕೆ ಬೇರೆಯೇ ದರಪಟ್ಟಿ ಇರುತ್ತದೆ.

ಮಗಳ ಕುಟುಂಬದ ಜೊತೆ ಮಯಾಮಿಯಿಂದ ಕೆರಿಬಿಯನ್ ಕಡೆಗೆ ಹೊರಟಾಗ ಆ ದರಪಟ್ಟಿ ನನ್ನ ಕೈಗೂ ಬಂತು. ದೊಡ್ಡ ಹಡಗುಗಳಲ್ಲಿ ಈಗ ಒಂದು ಫೋನಿಗೆ ಒಂದು ದಿನದ ಇಂಟರ್ನೆಟ್ ಎಂದರೆ ಸಾಮಾನ್ಯವಾಗಿ 15ರಿಂದ 30 ಡಾಲರ್. ಹೊರಡುವ ಮೊದಲೇ ಕಾಯ್ದಿರಿಸಿದರೆ ಸ್ವಲ್ಪ ಕಡಿಮೆ, ಹಡಗು ಹತ್ತಿದ ಮೇಲೆ ಕೊಂಡರೆ ಹೆಚ್ಚು. 20 ಡಾಲರ್ ಎಂದು ಹಿಡಿದರೂ ನಮ್ಮ ಲೆಕ್ಕದಲ್ಲಿ ಒಂದು ದಿನಕ್ಕೆ ಸಾವಿರದ ಆರುನೂರು ರೂಪಾಯಿ ದಾಟುತ್ತದೆ. ಊರಿನಲ್ಲಿ ಮುನ್ನೂರು ನಾನೂರು ರೂಪಾಯಿಗೆ ಇಡೀ ತಿಂಗಳು ರೀಚಾರ್ಜ್ ಮಾಡಿಸಿಕೊಳ್ಳುವ ನಮಗೆ ಇದು ಎದೆಗೆ ತಾಗುವ ಮೊತ್ತ. ಬಂದರು ಬಿಡುವ ಮೊದಲೇ ಮಗಳು ನನ್ನ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿಸಿದಳು. ದಡದಿಂದ ಸುಮಾರು 12 ನಾಟಿಕಲ್ ಮೈಲಿ ದಾಟಿದ ಮೇಲೆ ಹಡಗಿನದೇ ಮೊಬೈಲ್ ಜಾಲ ಫೋನನ್ನು ಹಿಡಿದುಕೊಳ್ಳುತ್ತದೆ. ಆಗ ಬೀಳುವ ರೋಮಿಂಗ್ ಬಿಲ್ಲು ಇಂಟರ್ನೆಟ್ ಪ್ಯಾಕೇಜಿಗಿಂತಲೂ ಭಾರವಾಗಬಹುದು.

ನಾನು ಪ್ಯಾಕೇಜ್ ತೆಗೆದುಕೊಂಡೆ. ಉಡುಪಿಯಲ್ಲಿ ತಮ್ಮನ ಮನೆಯಲ್ಲಿರುವ ಅಮ್ಮ ತೊಂಬತ್ತರ ಹತ್ತಿರದವಳು. ದಿನಕ್ಕೊಮ್ಮೆ ಅವಳ ಧ್ವನಿ ಕೇಳದಿದ್ದರೆ ನನಗೆ ಯಾವ ಕಡಲೂ ಚೆಂದ ಕಾಣುವುದಿಲ್ಲ. "ಊಟ ಆಯಿತಾ? ಅಲ್ಲಿ ಮಳೆ ಉಂಟಾ?" ಎಂಬ ಎರಡು ಪ್ರಶ್ನೆಗೆ ಅಷ್ಟು ಹಣ ಕೊಡಬೇಕಾಯಿತು. ಕೊಟ್ಟದ್ದಕ್ಕೆ ಬೇಸರವಿಲ್ಲ. ಕೊಡಲು ನನ್ನ ಬಳಿ ಇತ್ತು ಎಂಬುದು ಮಾತ್ರ ಆಮೇಲೆ ಬಹಳ ದಿನ ಮನಸ್ಸಿನಲ್ಲಿ ಉಳಿಯಿತು.

ಕಡಲ ಮೇಲೆ ಮಾತು ದುಬಾರಿಯಾಗಲು ನಿಜವಾದ ಕಾರಣಗಳಿವೆ. ನೆಲದ ಮೇಲೆ ಊರೂರಿಗೆ ಟವರ್ ಉಂಟು, ಟವರಿನಿಂದ ಟವರಿಗೆ ಮಣ್ಣಿನಡಿಯಲ್ಲಿ ಎಳೆದ ಕೇಬಲ್ ಉಂಟು. ಸಾಗರದ ತಳದಲ್ಲೂ ಖಂಡದಿಂದ ಖಂಡಕ್ಕೆ ಕೇಬಲ್ ಹೋಗಿದೆ. ಆದರೆ ಅದರ ಮೇಲೆಯೇ ತೇಲಿ ಹೋಗುವ ಹಡಗಿಗೆ ಅದು ದಕ್ಕುವುದಿಲ್ಲ. ಅದಕ್ಕಿರುವುದು ಆಕಾಶದ ದಾರಿ ಒಂದೇ. ಹಲವು ದಶಕಗಳ ಕಾಲ ಆ ದಾರಿ ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳ ಮೂಲಕ ಹೋಗುತ್ತಿತ್ತು. ಮಾತು ಅಷ್ಟು ಮೇಲೆ ಏರಿ, ಕೆಳಗಿಳಿದು, ಉತ್ತರವೂ ಅದೇ ದಾರಿಯಲ್ಲಿ ಬರಬೇಕು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಅರ್ಧ ಸೆಕೆಂಡಿಗೂ ಹೆಚ್ಚು ಮೌನ ಬೀಳುತ್ತಿತ್ತು. ಅಷ್ಟರಲ್ಲಿ ಇಬ್ಬರೂ ಒಟ್ಟಿಗೆ ಮಾತನಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಿದ್ದರು. ಹಡಗಿನ ನೆತ್ತಿಯಲ್ಲಿ ಕಾಣುವ ದೊಡ್ಡ ಬಿಳಿ ಗುಮ್ಮಟಗಳ ಒಳಗೆ ಆಂಟೆನಾ ಇರುತ್ತದೆ. ಹಡಗು ಎಷ್ಟೇ ಓಲಾಡಿದರೂ ಅದು ತನ್ನ ಉಪಗ್ರಹದ ಕಡೆಗೇ ಮುಖ ಮಾಡಿಕೊಂಡಿರಬೇಕು. ಇಷ್ಟೆಲ್ಲದರ ಖರ್ಚು ಸೇರಿ, ಈ ಶತಮಾನದ ಆರಂಭದ ವರ್ಷಗಳಲ್ಲಿ ಹಡಗಿನ ಇಂಟರ್ನೆಟ್‌ಗೆ ನಿಮಿಷದ ಲೆಕ್ಕದಲ್ಲಿ ಹಣ ಕೊಡಬೇಕಿತ್ತು. ನಿಮಿಷಕ್ಕೆ ಮುಕ್ಕಾಲು ಡಾಲರ್ ಆಗ ಸಾಮಾನ್ಯ ದರ.

ಈಗ ದಾರಿ ಹತ್ತಿರವಾಗಿದೆ. ಸ್ಪೇಸ್‌ಎಕ್ಸ್ ಸಂಸ್ಥೆಯ ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಸುತ್ತುತ್ತವೆ. ರಾಯಲ್ ಕೆರಿಬಿಯನ್ ಕಂಪನಿ ತನ್ನ ಎಲ್ಲ ಹಡಗುಗಳಿಗೂ ಅದನ್ನು ಅಳವಡಿಸುವುದಾಗಿ 2022ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಬೇರೆ ದೊಡ್ಡ ಕಂಪನಿಗಳೂ ಅದೇ ಹಾದಿ ಹಿಡಿದವು. ನಡುಗಡಲಿನಲ್ಲಿ ಕುಳಿತು ನಾನು ಅಮ್ಮನ ಮುಖವನ್ನೇ ನೋಡಿ ಮಾತನಾಡಿದೆ. ಅವಳ ಹಿಂದೆ ಗೋಡೆಯ ಕ್ಯಾಲೆಂಡರಿನ ಅಂಕಿಯೂ ಸ್ಪಷ್ಟವಾಗಿ ಕಾಣುತ್ತಿತ್ತು. ವೇಗ ಹೀಗೆ ಏರಿತು, ಆದರೆ ದಿನದ ಬಾಡಿಗೆ ಆ ಪ್ರಮಾಣದಲ್ಲಿ ಇಳಿಯಲಿಲ್ಲ. ಜಾತ್ರೆಯ ಬಯಲಿನಲ್ಲಿ ನೀರು ಮಾರುವ ಅಂಗಡಿ ಒಂದೇ ಇದ್ದರೆ ಅಂಗಡಿಯವನು ಹೇಳಿದ್ದೇ ರೇಟು. ಕಡಲ ನಡುವೆಯೂ ಎರಡನೆಯ ಅಂಗಡಿ ಇಲ್ಲ.

ಇದು ಇಂದು ನಿನ್ನೆಯ ಕಥೆಯಲ್ಲ. 1912ರಲ್ಲಿ ಟೈಟಾನಿಕ್ ಹಡಗಿನಲ್ಲಿ ತಂತಿಯಿಲ್ಲದ ತಂತಿವಾರ್ತೆ ಕಳಿಸುವ ಸೌಲಭ್ಯವಿತ್ತು. ಮೊದಲ ಹತ್ತು ಪದಗಳಿಗೆ 12 ಶಿಲ್ಲಿಂಗ್ 6 ಪೆನ್ಸ್, ಆಮೇಲೆ ಪ್ರತಿ ಪದಕ್ಕೆ 9 ಪೆನ್ಸ್. ಮೂರನೇ ದರ್ಜೆಯ ಟಿಕೆಟ್ ಸುಮಾರು 7 ಪೌಂಡ್ ಇದ್ದ ಕಾಲವದು. ಹತ್ತು ಪದದ ಒಂದು ಸಂದೇಶಕ್ಕೆ ಟಿಕೆಟ್ಟಿನ ಹನ್ನೊಂದರಲ್ಲಿ ಒಂದು ಪಾಲು ಹೋಗುತ್ತಿತ್ತು. ವೈರ್‌ಲೆಸ್ ಕೋಣೆಯಲ್ಲಿದ್ದ ಜ್ಯಾಕ್ ಫಿಲಿಪ್ಸ್ ಮತ್ತು ಹೆರಾಲ್ಡ್ ಬ್ರೈಡ್ ಮಾರ್ಕೋನಿ ಕಂಪನಿಯ ನೌಕರರು. ಹಣ ಕೊಟ್ಟ ಪ್ರಯಾಣಿಕರ ಸಂದೇಶಗಳನ್ನು ಕಳಿಸುವುದು ಅವರ ದಿನದ ಕೆಲಸದ ದೊಡ್ಡ ಪಾಲು. ಏಪ್ರಿಲ್ 14ರ ರಾತ್ರಿ, ಹಿಂದಿನ ದಿನ ಯಂತ್ರ ಕೆಟ್ಟಿದ್ದರಿಂದ ರಾಶಿ ಬಿದ್ದಿದ್ದ ಸಂದೇಶಗಳನ್ನು ಫಿಲಿಪ್ಸ್ ದಡದ ಮೇಲಿನ ಕೇಪ್ ರೇಸ್ ವೈರ್‌ಲೆಸ್ ಕೇಂದ್ರಕ್ಕೆ ಕಳಿಸುತ್ತ ಕುಳಿತಿದ್ದ. ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗು ಹಿಮಗಡ್ಡೆಯ ಎಚ್ಚರಿಕೆ ಕೊಡಲು ಬಂದಾಗ, ತಾನು ಕೆಲಸದಲ್ಲಿದ್ದೇನೆ ಎಂದು ಅದನ್ನು ತಡೆದ. ಆ ಹಡಗಿನ ಒಬ್ಬನೇ ಆಪರೇಟರ್ ಸ್ವಲ್ಪ ಹೊತ್ತಿನ ಮೇಲೆ ಯಂತ್ರ ನಿಲ್ಲಿಸಿ ಮಲಗಿದ. 11.40ಕ್ಕೆ ಟೈಟಾನಿಕ್ ಹಿಮಗಡ್ಡೆಗೆ ಬಡಿಯಿತು. ಅದರ ಕೂಗು ಹತ್ತಿರದ ಹಡಗಿಗೆ ಕೇಳಿಸಲಿಲ್ಲ.

ಫಿಲಿಪ್ಸ್‌ನನ್ನು ದೂರಲು ನನಗೆ ಮನಸ್ಸಿಲ್ಲ. ಕೊನೆಯ ಗಳಿಗೆಯವರೆಗೂ ನೆರವು ಕೇಳುತ್ತ ಕುಳಿತು ಅವನು ಪ್ರಾಣಬಿಟ್ಟ. ಅವನಿಗೆ ಕೊಟ್ಟ ಕೆಲಸವೇ ಹಾಗಿತ್ತು: ಕಡಲ ಮೇಲಿನ ಮಾತನ್ನು ಮೊದಲು ಸರಕಾಗಿ ಮಾರಲಾಯಿತು, ಅದು ಜೀವದ ಅಗತ್ಯ ಎಂಬುದು ಆಮೇಲೆ ತಿಳಿಯಿತು. 1914ರಲ್ಲಿ ಹಲವು ದೇಶಗಳು ಲಂಡನ್ನಿನಲ್ಲಿ ಸೇರಿ, ಕಡಲಿನಲ್ಲಿ ಜೀವರಕ್ಷಣೆಯ ಒಪ್ಪಂದ ಮಾಡಿಕೊಂಡವು. ದೊಡ್ಡ ಪ್ರಯಾಣಿಕ ಹಡಗುಗಳಲ್ಲಿ ಹಗಲಿರುಳೂ ರೇಡಿಯೋಗೆ ಕಿವಿಗೊಟ್ಟಿರಬೇಕು ಎಂದು ಆ ಒಪ್ಪಂದ ಹೇಳಿತು. ಹಡಗಿನ ಆಪತ್ತಿನ ಕರೆಗೆ ಈಗ ದರವಿಲ್ಲ. ಹಡಗಿನಲ್ಲಿ ದುಡಿಯುವವರ ಮನೆಯ ಕರೆ ಮಾತ್ರ ಸರಕಾಗಿಯೇ ಉಳಿಯಿತು.

ಇದನ್ನು ನನಗೆ ಮನಗಾಣಿಸಿದ್ದು ನಮ್ಮ ಮೇಜಿಗೆ ಊಟ ಬಡಿಸುತ್ತಿದ್ದ ಹುಡುಗ. ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ 'ಇಂಡಿಯಾ' ಎಂದಿತ್ತು. ಮಾತಿನ ಧಾಟಿ ಕೇಳಿ ನಾನು ತುಳುವಿನಲ್ಲಿ ಊರು ಕೇಳಿದೆ. ಅವನ ಮುಖ ಅರಳಿತು. ಕಾಪು ಹತ್ತಿರದವನು, ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು. ನಾನು ಶಾಲೆಯಲ್ಲಿ ಕಲಿಸುತ್ತಿದ್ದವಳು ಎಂದು ಗೊತ್ತಾದ ಮೇಲೆ 'ಮೇಡಂ' ಹೋಗಿ 'ಟೀಚರ್' ಬಂತು.

"ಮನೆಗೆ ದಿನಾ ಫೋನ್ ಮಾಡುತ್ತೀಯಾ?" ಎಂದು ಕೇಳಿದೆ.

"ಸೀ ಡೇ ಇದ್ದರೆ ಮೆಸೇಜ್ ಮಾತ್ರ ಟೀಚರ್. ಪೋರ್ಟ್ ಡೇ ಸಿಕ್ಕಿದರೆ ವಿಡಿಯೊ ಕಾಲ್. ಕೊಝುಮೆಲ್‌ನಲ್ಲಿ ಹಡಗಿನ ಕಟ್ಟೆಯ ಹತ್ತಿರ ವೈಫೈ ಇರುವ ಅಂಗಡಿ ಉಂಟು. ಕ್ರೂನವರೆಲ್ಲ ಅಲ್ಲಿಗೇ ಹೋಗುವುದು."

ಸಿಬ್ಬಂದಿಗೆ ಪ್ರಯಾಣಿಕರಿಗಿಂತ ಕಡಿಮೆ ದರ. ಆದರೂ ಅವನು ಅದನ್ನು ತನ್ನ ಸಂಬಳದಿಂದಲೇ ಕೊಳ್ಳಬೇಕು. ಅದರಲ್ಲಿ ಮುಖ ನೋಡಿ ಮಾತನಾಡಿದರೆ ಬೇಗ ಮುಗಿದುಹೋಗುತ್ತದೆ. ತಂಗಿಯ ನಿಶ್ಚಿತಾರ್ಥವನ್ನು ಫೋನಿನಲ್ಲಿ ನೋಡುತ್ತಿದ್ದಾಗ ತಾಂಬೂಲ ಬದಲಾಯಿಸುವ ಹೊತ್ತಿಗೆ ಸರಿಯಾಗಿ ಅವನ ಪ್ಯಾಕೇಜ್ ಮುಗಿಯಿತಂತೆ. ಅದನ್ನು ಹೇಳುವಾಗಲೂ ಅವನು ನಗುತ್ತಲೇ ನಮ್ಮ ತಟ್ಟೆಗಳನ್ನು ಎತ್ತುತ್ತಿದ್ದ. ನಾನು ತಲೆಯೆತ್ತಿ ಅವನ ಮುಖ ನೋಡಲಾರದೆ ಹೋದೆ.

ಮೆಕ್ಸಿಕೊದ ಕೊಝುಮೆಲ್ ದ್ವೀಪದಲ್ಲಿ ಮಧ್ಯಾಹ್ನ ಹನ್ನೆರಡು ಎಂದರೆ ಕಾಪುವಿನಲ್ಲಿ ರಾತ್ರಿ ಹತ್ತೂವರೆ. ಬೆಳಗಿನ ಉಪಾಹಾರದ ಕೆಲಸ ಮುಗಿಸಿ, ಸಂಜೆಯ ಪಾಳಿಗೆ ಮೊದಲು ಸಿಗುವ ಒಂದೆರಡು ಗಂಟೆಯಲ್ಲಿ ಅವನು ದಡಕ್ಕೆ ಓಡಬೇಕು. ಇತ್ತ ಅವನ ತಾಯಿ ನಿದ್ದೆ ಕಟ್ಟಿ ಕೂತಿರಬೇಕು. ಗಾಳಿ ಜೋರಾಗಿ ಹಡಗು ಆ ಬಂದರಿಗೆ ಹೋಗದಿದ್ದರೆ ಆ ವಾರದ ಮಾತು ಇಲ್ಲ. ಕಾಂಟ್ರಾಕ್ಟ್ ಆರರಿಂದ ಒಂಬತ್ತು ತಿಂಗಳು. ಒಂದು ವಾರದ ವಿಹಾರಕ್ಕೆ ಹೋದ ನಾನು ದಿನಕ್ಕೊಮ್ಮೆ ಅಮ್ಮನನ್ನು ನೋಡಿದೆ. ನನಗೆ ಬಡಿಸಿದವನು ವಾರಕ್ಕೊಮ್ಮೆ ತನ್ನ ಅಮ್ಮನನ್ನು ನೋಡಲು ಬಂದರಿನ ದಾರಿ ಕಾಯುತ್ತಿದ್ದ.

ಕರಾವಳಿಯ ನಮಗೆ ಈ ಕಾಯುವಿಕೆ ಹೊಸದಲ್ಲ. ಮಂಗಳೂರು, ಉಡುಪಿಯ ಬೀದಿಗಳಲ್ಲಿ 'ಶಿಪ್ಪಿನಲ್ಲಿದ್ದಾನೆ' ಎಂದು ಹೇಳಿಕೊಳ್ಳುವ ಮನೆ ಹುಡುಕಬೇಕಾಗಿಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ, ಓದು ಬಾರದ ತಾಯಂದಿರು ಏರೋಗ್ರಾಮ್ ಹಿಡಿದು ಶಾಲೆಗೆ ಬರುತ್ತಿದ್ದರು. ದನ ಕರು ಹಾಕಿದ್ದು, ಬಾವಿಯ ನೀರು ಇಳಿದದ್ದು, ಅಜ್ಜಿ ತೀರಿಕೊಂಡದ್ದು ಎಲ್ಲವನ್ನೂ ಆ ನೀಲಿ ಹಾಳೆಯ ಮೂರು ಮಡಿಕೆಯಲ್ಲಿ ಬರೆದುಕೊಟ್ಟಿದ್ದೇನೆ. ಕಾಗದ ತಲುಪುವ ಹೊತ್ತಿಗೆ ಹಡಗು ಬೇರೆ ಬಂದರಿಗೆ ಹೋಗಿರುತ್ತಿತ್ತು. ಆಗ ಬೇರೆ ದಾರಿಯೇ ಇರಲಿಲ್ಲ, ಆದ್ದರಿಂದ ಯಾರನ್ನೂ ಕೇಳುವಂತಿರಲಿಲ್ಲ. ಈಗ ದಾರಿ ಇದೆ. ಅದು ಅದೇ ಹಡಗಿನ ನೆತ್ತಿಯ ಮೇಲೇ ಇದೆ. ದಾರಿ ಇದ್ದೂ ತಾಯಿ ಮಗನ ನಡುವೆ ಹಣ ನಿಂತರೆ ಅದು ಕೇಳಲೇಬೇಕಾದ ಮಾತು.

ಈ ಸಂಪರ್ಕ ಎಷ್ಟು ದೊಡ್ಡದು ಎಂಬುದನ್ನು ಕೋವಿಡ್ ಕಾಲ ತೋರಿಸಿತು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ತಡೆಹಿಡಿದಾಗ ಅದರಲ್ಲಿ 3,711 ಜನರಿದ್ದರು. ಅವರಲ್ಲಿ 138 ಮಂದಿ ಭಾರತೀಯರು, ಆ ಪೈಕಿ 132 ಮಂದಿ ಸಿಬ್ಬಂದಿ. ನಮ್ಮನ್ನು ಇಲ್ಲಿಂದ ಕರೆದುಕೊಂಡು ಹೋಗಿ ಎಂದು ಅವರು ಹಡಗಿನೊಳಗಿಂದಲೇ ವಿಡಿಯೊ ಮಾಡಿ ಕಳಿಸಿದರು. ದೇಶವೇ ಅದನ್ನು ನೋಡಿತು. ತಿಂಗಳ ಕೊನೆಗೆ ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ದೆಹಲಿಗೆ ಕರೆತಂದಿತು. ಆ ವರ್ಷ ಪ್ರಯಾಣಿಕರು ಇಳಿದುಹೋದ ಮೇಲೂ ಸಾವಿರಾರು ಸಿಬ್ಬಂದಿ ತಿಂಗಳುಗಟ್ಟಲೆ ಹಡಗುಗಳಲ್ಲೇ ಉಳಿಯಬೇಕಾಯಿತು. ಆಗ ಹಲವು ಕಂಪನಿಗಳು ಅವರಿಗೆ ಇಂಟರ್ನೆಟ್ಟನ್ನು ಉಚಿತವಾಗಿ ಬಿಟ್ಟುಕೊಟ್ಟವು. ಕೊಡಲು ಸಾಧ್ಯ ಎಂಬುದು ಅಲ್ಲಿಗೆ ತೀರ್ಮಾನವಾಯಿತು.

ಕಾನೂನೂ ಆ ಕಡೆಗೆ ಒಂದು ಹೆಜ್ಜೆ ಇಟ್ಟಿದೆ. ಕಡಲ ಕಾರ್ಮಿಕರ ಹಕ್ಕುಗಳಿಗಾಗಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2006ರಲ್ಲಿ ರೂಪಿಸಿದ ಒಪ್ಪಂದವೊಂದಿದೆ. ಭಾರತ ಅದನ್ನು 2015ರಲ್ಲಿ ಅನುಮೋದಿಸಿತು. 2022ರಲ್ಲಿ ಆ ಒಪ್ಪಂದಕ್ಕೆ ಮಾಡಿದ ತಿದ್ದುಪಡಿ, ಹಡಗಿನ ಮಾಲೀಕರು ಸಾಧ್ಯವಾದ ಮಟ್ಟಿಗೆ ಸಿಬ್ಬಂದಿಗೆ ಇಂಟರ್ನೆಟ್ ಒದಗಿಸಬೇಕು, ಶುಲ್ಕ ವಿಧಿಸುವುದಾದರೆ ಅದು ನ್ಯಾಯವಾದ ಮೊತ್ತವಾಗಿರಬೇಕು ಎನ್ನುತ್ತದೆ. 'ಸಾಧ್ಯವಾದ ಮಟ್ಟಿಗೆ' ಎಂಬಲ್ಲಿ ಜಾರಿಕೊಳ್ಳಲು ದಾರಿ ಇದೆ, ನಿಜ. ಹಾಗಿದ್ದರೂ, ಮನೆಯವರ ಮಾತು ಊಟ, ವಸತಿಯ ಸಾಲಿನಲ್ಲಿ ಬರುವ ಅಗತ್ಯ ಎಂದು ಜಗತ್ತು ಬರೆದಿಟ್ಟಿತು. 1914ರ ಒಪ್ಪಂದ ಹಡಗಿನ ಜೀವಕ್ಕೆ ಮಾಡಿದ್ದನ್ನು ಇದು ಹಡಗಿನಲ್ಲಿ ದುಡಿಯುವವರ ಮನಸ್ಸಿಗೆ ಮಾಡಬೇಕಿದೆ.

ವಿಹಾರಕ್ಕೆ ಹೋದವರು ಕೆಲವು ದಿನ ಫೋನ್ ಮುಚ್ಚಿಟ್ಟು ಕಡಲು ನೋಡುವುದು ಒಳ್ಳೆಯದು. ಅವರ ಪ್ಯಾಕೇಜಿನ ದರ ಹೆಚ್ಚೋ ಕಡಿಮೆಯೋ, ಬೇಕಾದವರು ಕೊಳ್ಳುತ್ತಾರೆ, ಬೇಡದವರು ಬಿಡುತ್ತಾರೆ. ತಾನಾಗಿ ಆರಿಸಿಕೊಂಡ ಮೌನ ವಿಶ್ರಾಂತಿ. ದುಡಿಯಲು ಹೋದವನ ಮೇಲೆ ದರಪಟ್ಟಿ ಹೇರುವ ಮೌನ ಅನ್ಯಾಯ. ಹಡಗಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ದಿನಕ್ಕೊಮ್ಮೆ ಮನೆಯವರ ಮುಖ ನೋಡಿ ಮಾತನಾಡುವಷ್ಟು ಇಂಟರ್ನೆಟ್ ಉಚಿತವಾಗಿ ಸಿಗಬೇಕು. ಅದರ ಖರ್ಚನ್ನು ನನ್ನಂಥವರ ಟಿಕೆಟ್ಟಿನಲ್ಲಿ ಸೇರಿಸಲಿ. ನಮ್ಮ ಐಸ್‌ಕ್ರೀಮಿನ ಬೆಲೆ ಅದರಲ್ಲಿ ಸೇರಿದೆ ಎಂದಾದರೆ ಇದೂ ಸೇರಬಹುದು.

ಶಿಪ್ಪಿಗೆ ಹೊರಟ ಮಕ್ಕಳ ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿ. ಏಜೆಂಟರ ಮುಂದೆ ಕೂತಾಗ ಸಂಬಳ ಎಷ್ಟು, ರಜೆ ಎಷ್ಟು ಎಂದು ಕೇಳುವ ಹಾಗೆ, ಸಿಬ್ಬಂದಿಗೆ ಇಂಟರ್ನೆಟ್ ಎಷ್ಟು ಹೊತ್ತು ಕೊಡುತ್ತಾರೆ, ಅದಕ್ಕೆ ಎಷ್ಟು ಹಿಡಿಯುತ್ತಾರೆ ಎಂದೂ ಕೇಳಿ. ಸಹಿ ಹಾಕುವ ಮೊದಲೇ ಕೇಳಿ. ಸಂಕೋಚ ಬೇಡ. ಆ ತಿದ್ದುಪಡಿ 2024ರ ಡಿಸೆಂಬರ್ 23ರಿಂದ ಜಾರಿಯಲ್ಲಿದೆ.