ಅಮ್ಮನ ಬ್ಯಾಗಿನಲ್ಲಿದ್ದ ಬಿಳಿ ಕಲ್ಲು

"ಈ ಬ್ಯಾಗ್ ಯಾರದ್ದು?"

ಸ್ಕ್ಯಾನರ್ ಪಕ್ಕ ನಿಂತಿದ್ದ ಸಮವಸ್ತ್ರದ ಮೇಡಂ ಹಿಂದಿಯಲ್ಲಿ ಕೇಳಿದರು. ಅವರ ಕೈಯಲ್ಲಿದ್ದದ್ದು ಅಮ್ಮನ ನೀಲಿ ಬ್ಯಾಗ್. ತಿಪಟೂರಿನ ಸೀರೆ ಅಂಗಡಿಯವರು ಹಬ್ಬಕ್ಕೆ ಕೊಟ್ಟಿದ್ದು, ಜಿಪ್ ಅರ್ಧ ಕೆಟ್ಟಿದೆ. ಅಮ್ಮನಿಗೆ ಪ್ರಶ್ನೆ ಅರ್ಥ ಆಗಲಿಲ್ಲ, ಆದರೆ ಬ್ಯಾಗ್ ಗೊತ್ತಾಯ್ತು. ಶಾಲೆಯಲ್ಲಿ ಹೆಸರು ಕೂಗಿದಾಗ ಕೈ ಎತ್ತುವ ಹಾಗೆ ಕೈ ಎತ್ತಿ, "ನಂದೇ" ಅಂದರು.

ಅಂಡಮಾನ್ ಪ್ರವಾಸದ ಆರನೇ ದಿನ, ವಾಪಸ್ ಬೆಂಗಳೂರಿಗೆ ಹೊರಟಿದ್ವಿ. ಬೋರ್ಡಿಂಗ್ ಪಾಸ್ ಕೈಯಲ್ಲಿ, ದೊಡ್ಡ ಸೂಟ್‌ಕೇಸ್ ಆಗಲೇ ಬೆಲ್ಟ್ ಮೇಲೆ ಒಳಗೆ ಹೋಗಿತ್ತು. ಇನ್ನೇನು ಸೆಕ್ಯುರಿಟಿ ಮುಗಿಸಿ ಒಂದು ಕಾಫಿ ಕುಡಿಯೋದು ಅಂದುಕೊಂಡಿದ್ದೆ.

ಹೋಗುವಾಗ ಕೊಬ್ಬರಿ ಕಥೆ

ಅಮ್ಮನಿಗೆ ಇದು ಮೊದಲ ವಿಮಾನ ಪ್ರಯಾಣ. ನಿಜ ಹೇಳಬೇಕಂದ್ರೆ ಇದು ಅಪ್ಪನ ಪ್ರವಾಸ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದ ಅಪ್ಪ ಪ್ರತಿ ವರ್ಷ ಮಕ್ಕಳಿಗೆ ಕಾಲಾಪಾನಿ ಶಿಕ್ಷೆಯ ಬಗ್ಗೆ ಹೇಳೋರು. "ರಿಟೈರ್ ಆದಮೇಲೆ ನಿನಗೆ ಅಂಡಮಾನ್ ಜೈಲು ತೋರಿಸ್ತೀನಿ" ಅಂತ ಅಮ್ಮನಿಗೂ ಹೇಳೋರು. "ಗಂಡ ಹೆಂಡತೀನ ಜೈಲಿಗೆ ಕರ್ಕೊಂಡು ಹೋಗ್ತಾನಂತೆ" ಅಂತ ಅಮ್ಮ ನಗೋರು. ರಿಟೈರ್ ಆದ ಎರಡನೇ ವರ್ಷ ಅಪ್ಪ ಹೋಗಿಬಿಟ್ಟರು. ಈ ಜನವರಿಯಲ್ಲಿ ನಾನು ಆಫೀಸಿಗೆ ರಜೆ ಹಾಕಿ ಎರಡು ಟಿಕೆಟ್ ತೆಗೆದೆ.

ಹೋಗುವಾಗ ಬೆಂಗಳೂರಿನಲ್ಲೇ ಅಮ್ಮನ ಬ್ಯಾಗ್ ಒಂದು ಸಲ ಬಿಚ್ಚಿಸಿಕೊಂಡಿತ್ತು. ಒಳಗೆ ನಮ್ಮ ತೋಟದ ನಾಲ್ಕು ಉಂಡೆ ಕೊಬ್ಬರಿ. "ಅಲ್ಲಿ ಅಡುಗೆ ಹೇಗಿರುತ್ತೋ, ಬೆಲ್ಲದ ಜೊತೆ ಕಚ್ಚಿಕೊಂಡ್ರೆ ಹೊಟ್ಟೆ ತುಂಬುತ್ತೆ" ಅಂತ ಇಟ್ಟುಕೊಂಡಿದ್ದರು. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳುವ ಗುಣ ಇದೆ, ಹಾಗಾಗಿ ವಿಮಾನಕ್ಕೆ ಆಗಲ್ಲ ಅಂತ ಅವರು ವಿವರಿಸಿದರು. 2024ರಲ್ಲಿ ಶಬರಿಮಲೆ ಯಾತ್ರಿಕರ ಇರುಮುಡಿಯ ತೆಂಗಿನಕಾಯಿಗೆ ಮಾತ್ರ ಸೀಸನ್ ಮುಗಿಯುವವರೆಗೆ ವಿನಾಯಿತಿ ಕೊಟ್ಟಿದ್ದು ಹಲವರಿಗೆ ನೆನಪಿರಬಹುದು. ಅಮ್ಮನಿಗೆ ಅದ್ಯಾವುದೂ ಬೇಕಿರಲಿಲ್ಲ. "ನಮ್ಮ ತೋಟದ ಕೊಬ್ಬರಿ ಬಾಂಬೇನೇ?" ಅಂತ ವಿಮಾನ ಏರುವವರೆಗೂ ಗೊಣಗುತ್ತಿದ್ದರು.

ಎರಡೂವರೆ ಗಂಟೆಯ ಪ್ರಯಾಣ. ಕಿಟಕಿಯಿಂದ ನೀಲಿ ಸಮುದ್ರದಲ್ಲಿ ಹಸಿರು ಚುಕ್ಕಿಗಳು ಕಂಡಾಗ ಕೊಬ್ಬರಿ ಮರೆತುಹೋಯ್ತು.

ಐದು ದಿನದ ಸಮುದ್ರ

ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಿಂದ ಶ್ರೀ ವಿಜಯಪುರಂ ಅಂತ ಹೆಸರು. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ದ್ವೀಪ ಈಗ ಶಹೀದ್ ದ್ವೀಪ. ಆಟೋದವರ ಬಾಯಲ್ಲಿ ಇನ್ನೂ ಹಳೇ ಹೆಸರೇ.

ಮೊದಲ ದಿನವೇ ಸೆಲ್ಯುಲರ್ ಜೈಲಿಗೆ ಹೋದ್ವಿ. 1906ರಲ್ಲಿ ಕಟ್ಟಿ ಮುಗಿಸಿದ ಜೈಲು. ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಅಮ್ಮ ಒಂದು ಕೋಣೆಯೊಳಗೆ ಹೋಗಿ, ಗೋಡೆಗೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಹೊರಗೆ ಬಂದು "ನಿಮ್ಮಪ್ಪ ಹೇಳ್ತಿದ್ದಷ್ಟೇ ಇದೆ, ಒಂದು ಚೂರೂ ಸುಳ್ಳು ಹೇಳಿಲ್ಲ" ಅಂದರು.

ಆಮೇಲೆ ಹ್ಯಾವ್‌ಲಾಕ್‌ನಲ್ಲಿ ಎರಡು ರಾತ್ರಿ. ರಾಧಾನಗರ ಬೀಚಿನ ಮರಳು ರವೆಯ ಹಾಗೆ ನುಣುಪು. ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗಿ ಕತ್ತಲಾಗೋದು ಅಮ್ಮನಿಗೆ ವಿಚಿತ್ರ. "ಇಲ್ಲಿ ಸಂಜೆ ಕಾಫಿ ಕುಡಿಯೋಕೂ ಟೈಮ್ ಇಲ್ಲ."

ಇಲ್ಲೇ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಬೀಚುಗಳ ಬಳಿ ಬೋರ್ಡ್ ಇತ್ತು: ಹವಳ, ಚಿಪ್ಪು ಎತ್ತಿಕೊಂಡು ಹೋಗೋದು ಅಪರಾಧ. ಐದು ದಿನವೂ ಅಮ್ಮನಿಗೆ ಎಲ್ಲ ಬೋರ್ಡನ್ನೂ ಓದಿ ಹೇಳಿದವಳು ನಾನೇ. ಮೊಸಳೆ ಎಚ್ಚರಿಕೆ, ಜೆಟ್ಟಿಯ ಸಮಯ, ಹೋಟೆಲ್ ಮೆನು, ಎಲ್ಲಾ. ಇದೊಂದನ್ನು ಹೇಳಲಿಲ್ಲ. ಯಾಕಂದ್ರೆ ರಾಧಾನಗರದಲ್ಲಿ ಮೊದಲ ದಿನವೇ ನಾನೊಂದು ಕವಡೆ ಎತ್ತಿಕೊಂಡಿದ್ದೆ. ಚುಕ್ಕಿ ಚುಕ್ಕಿ ಇದ್ದ, ಕೋಳಿಮೊಟ್ಟೆಯಷ್ಟು ದೊಡ್ಡ ಕವಡೆ. ಆಫೀಸ್ ಡೆಸ್ಕ್ ಮೇಲೆ ಚೆನ್ನಾಗಿ ಕಾಣುತ್ತೆ ಅನ್ನಿಸಿತು. ಕಾಲುಚೀಲದಲ್ಲಿ ಸುತ್ತಿ ಬ್ಯಾಕ್‌ಪ್ಯಾಕ್ ತಳಕ್ಕೆ ತುರುಕಿದೆ. ಬೋರ್ಡ್ ಓದಿ ಹೇಳಿದ್ರೆ ಅಮ್ಮ ಅದನ್ನ ವಾಪಸ್ ಇಡಿಸ್ತಾರೆ ಅನ್ನೋದು ಗೊತ್ತಿತ್ತು.

ನೀಲ್ ದ್ವೀಪದಲ್ಲಿ ಬೆಳಗ್ಗೆ ನೀರು ಇಳಿದಾಗ ಲಕ್ಷ್ಮಣಪುರದ ಕಲ್ಲು ಸೇತುವೆ ನೋಡಲು ಹೋದ್ವಿ. ದಂಡೆ ತುಂಬಾ ಬಿಳಿ ಬಿಳಿ ಕೊಂಬೆಯಂಥ ಚೂರುಗಳು. ಅಮ್ಮ ಬಗ್ಗಿ ಏನನ್ನೋ ಎತ್ತಿ ಸೆರಗಿನಲ್ಲಿ ಒರೆಸಿದ್ದನ್ನು ನೋಡಿದೆ. ನೋಡಿಯೂ ಸುಮ್ಮನಿದ್ದೆ.

"ಹವಳ ಕೆಂಪಗಿರುತ್ತಲ್ವಾ?"

ಮೇಡಂ ಬ್ಯಾಗ್ ಬಿಚ್ಚಿದರು. ಮಾತ್ರೆ ಡಬ್ಬಿ, ಸ್ವೆಟರ್, ಚಕ್ಲಿ ಪೊಟ್ಟಣ. ತಳದಲ್ಲಿ ಅಪ್ಪನ ಹಳೇ ಕರ್ಚೀಫಿನಲ್ಲಿ ಗಂಟು ಕಟ್ಟಿದ ಒಂದು ವಸ್ತು. ಬಿಚ್ಚಿದರೆ, ಅಂಗೈಯಷ್ಟು ಅಗಲದ ಬಿಳಿ ಹವಳ. ಮೈತುಂಬಾ ನಕ್ಷತ್ರದಂಥ ಸಣ್ಣ ಸಣ್ಣ ಗುಳಿ.

"ಇದು ಹವಳ. ತಗೊಂಡು ಹೋಗೋ ಹಾಗಿಲ್ಲ."

ನಾನು ಅನುವಾದ ಮಾಡಿದೆ. ಅಮ್ಮ ನಂಬಲಿಲ್ಲ. "ಹವಳ ಕೆಂಪಗಿರುತ್ತಲ್ವಾ? ನಮ್ಮಮ್ಮನ ಸರದಲ್ಲಿ ಇತ್ತಲ್ಲ. ಇದು ಕಲ್ಲು ಕಣೇ. ದಂಡೆ ಮೇಲೆ ಬಿದ್ದಿತ್ತು. ನಿಮ್ಮಪ್ಪನ ಫೋಟೋ ಮುಂದೆ ಇಡೋಣ ಅಂತ."

ಮೇಡಂ ಗದರಲಿಲ್ಲ. ನಿಧಾನಕ್ಕೆ ಹೇಳಿದರು, ನಾನು ತುಂಡು ತುಂಡಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಇದು ಕಲ್ಲಲ್ಲ. ಸಾಸಿವೆಯಷ್ಟು ಸಣ್ಣ ಜೀವಿಗಳು ಸಾವಿರಗಟ್ಟಲೆ ಸೇರಿ ಸುಣ್ಣದಿಂದ ಕಟ್ಟಿಕೊಂಡ ಮನೆ. ಆ ಒಂದೊಂದು ಗುಳಿಯಲ್ಲೂ ಒಂದು ಜೀವ ಇತ್ತು. ಇಂಥ ಗಟ್ಟಿ ಹವಳ ವರ್ಷಕ್ಕೆ ಬೆಳೆಯೋದು ಕೆಲವೇ ಮಿಲಿಮೀಟರ್. ಸುಣ್ಣದ ಅಂಶ ಇರೋದರಿಂದ ಎಕ್ಸ್‌ರೇಯಲ್ಲಿ ಮೂಳೆ ಕಂಡ ಹಾಗೆ ಎದ್ದು ಕಾಣುತ್ತೆ.

ಕಾನೂನು ನನಗೂ ಪೂರ್ತಿ ಗೊತ್ತಿರಲಿಲ್ಲ, ಆಮೇಲೆ ಓದಿಕೊಂಡೆ. 2001ರಲ್ಲಿ ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದ್ದಾರೆ. ಹುಲಿ, ಆನೆ ಇರೋದೂ ಅದೇ ಪಟ್ಟಿಯಲ್ಲಿ. ಈ ಪಟ್ಟಿಯ ಜೀವಿಗಳ ವಿಷಯದಲ್ಲಿ ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು. ಸತ್ತ ಹವಳದ ತುಂಡು ಅಂದ್ರೂ ಬಿಡಲ್ಲ. ಅಂದರೆ ಜೈಲು ನೋಡಲು ಹೋದ ಅಮ್ಮ, ಜೈಲಿಗೆ ಹೋಗುವಂಥ ವಸ್ತುವನ್ನೇ ಅಪ್ಪನ ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದಿದ್ದರು.

ಅಮ್ಮ ಅದನ್ನು ಎರಡೂ ಕೈಯಿಂದ ಟ್ರೇಯಲ್ಲಿಟ್ಟರು. ಕರ್ಚೀಫ್ ಮಾತ್ರ ಮಡಚಿ ಬ್ಯಾಗಿಗೆ ಹಾಕಿಕೊಂಡರು. ಸುತ್ತಲಿನವರು ನೋಡುತ್ತಿದ್ದರು. ಅಮ್ಮನ ಕಿವಿ ಕೆಂಪಾಗಿತ್ತು.

"ಇನ್ನೇನಾದರೂ ಇದೆಯಾ ಕೇಳಿ" ಅಂದರು ಮೇಡಂ, ನನ್ನ ಕಡೆ ತಿರುಗಿ.

ನಾನು ಅಮ್ಮನನ್ನು ಕೇಳಿದೆ. "ಇಲ್ಲಮ್ಮ, ಇದೊಂದೇ. ದೇವರಾಣೆ" ಅಂದರು. ನನ್ನ ಬ್ಯಾಕ್‌ಪ್ಯಾಕ್ ಆಗಲೇ ಸ್ಕ್ಯಾನರ್ ದಾಟಿ ಬೆಲ್ಟಿನ ಕೊನೆಯಲ್ಲಿ ನಿಂತಿತ್ತು. ಚಾರ್ಜರ್, ಕ್ಯಾಮೆರಾ, ಪವರ್ ಬ್ಯಾಂಕ್‌ಗಳ ಗೊಂದಲದಲ್ಲಿ ಕವಡೆ ಕಂಡಿರಲಿಲ್ಲ. ಸುಮ್ಮನೆ ಎತ್ತಿಕೊಂಡು ಹೋಗಿದ್ದರೆ ಮುಗಿದಿತ್ತು.

ಆದರೆ ಗೊತ್ತಿಲ್ಲದೆ ತಪ್ಪು ಮಾಡಿದ ಅಮ್ಮ ಎಲ್ಲರ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ಗೊತ್ತಿದ್ದೂ ಮಾಡಿದವಳು ದೊಡ್ಡ ಮನುಷ್ಯಳ ಹಾಗೆ ಅನುವಾದ ಮಾಡುತ್ತಿದ್ದೆ.

"ಮೇಡಂ, ನನ್ನ ಬ್ಯಾಗಲ್ಲೂ ಒಂದಿದೆ" ಅಂದೆ.

ಕಾಲುಚೀಲದಿಂದ ಕವಡೆ ತೆಗೆದಾಗ ಅಮ್ಮ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಬೈಗುಳವೇ ವಾಸಿ. ಪುಸ್ತಕದಲ್ಲಿ ಹೆಸರು, ಫೋನ್ ನಂಬರ್ ಬರೆಸಿಕೊಂಡರು. ಅಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆಗಲೇ ಹತ್ತಾರು ಚಿಪ್ಪು, ಹವಳದ ಚೂರು. ನಮ್ಮೆರಡೂ ಅದಕ್ಕೆ ಸೇರಿದವು. ಎಚ್ಚರಿಕೆ ಕೊಟ್ಟು ಬಿಟ್ಟರು. ಎಲ್ಲರಿಗೂ ಇಷ್ಟರಲ್ಲೇ ಮುಗಿಯುತ್ತೆ ಅಂತ ಯಾರೂ ನೆಚ್ಚಿಕೊಳ್ಳಬೇಡಿ.

2023ರಲ್ಲಿ ಉದ್ಘಾಟನೆಯಾದ ಆ ಹೊಸ ಟರ್ಮಿನಲ್ ಕಟ್ಟಡದ ಆಕಾರವೇ ಚಿಪ್ಪಿನದ್ದು. ಒಳಗಿಂದ ಚಿಪ್ಪು ಮಾತ್ರ ಹೊರಗೆ ಹೋಗೋ ಹಾಗಿಲ್ಲ.

ಬಿದ್ದದ್ದು ಯಾರದ್ದು?

ವಿಮಾನ ಮೇಲೇರಿದ ಮೇಲೆ ಅಮ್ಮ ಬಾಯಿಬಿಟ್ಟರು. "ಆ ಬೋರ್ಡಲ್ಲಿ ಇದೇ ಬರೆದಿತ್ತಾ?"

"ಹೂಂ."

"ನನಗ್ಯಾಕೆ ಹೇಳಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ದಂಡೆ ಮೇಲೆ ಬಿದ್ದಿತ್ತಲ್ಲಮ್ಮ, ನಾನೇನು ಕಿತ್ತುಕೊಂಡೆನಾ" ಅಂದೆ.

ಅಮ್ಮ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ ಹೇಳಿದರು: "ನಮ್ಮ ತೋಟಕ್ಕೆ ಬಂದು ಕಾಯಿ ಆಯ್ಕೊಂಡು ಹೋಗೋರೂ ಹಿಂಗೇ ಅಲ್ವೇನೇ ಹೇಳೋದು? ಬಿದ್ದಿತ್ತು ಕಣಕ್ಕಾ, ಒಂದೇ ತಗೊಂಡೆ ಅಂತ. ಬಿದ್ದ ಮಾತ್ರಕ್ಕೆ ಮರ ಅವರದ್ದಾಗುತ್ತಾ?"

ಇದಕ್ಕಿಂತ ಚೆನ್ನಾಗಿ ಯಾವ ಬೋರ್ಡೂ ನನಗೆ ಹೇಳಿರಲಿಲ್ಲ. ತೋಟದಲ್ಲಿ ಬಿದ್ದ ಗರಿ ಗೊಬ್ಬರ ಆಗುತ್ತೆ, ಸೌದೆ ಆಗುತ್ತೆ. ಸಮುದ್ರದಲ್ಲೂ ಹಾಗೇ. ಬಿದ್ದ ಹವಳ ಸವೆದು ಸವೆದು ಆ ಬಿಳಿ ಮರಳಾಗುತ್ತೆ. ಖಾಲಿ ಚಿಪ್ಪು, ಸ್ವಂತ ಚಿಪ್ಪಿಲ್ಲದ ಹರ್ಮಿಟ್ ಏಡಿಗೆ ಮನೆಯಾಗುತ್ತೆ. ಮೈ ಬೆಳೆದ ಹಾಗೆ ಅದು ದೊಡ್ಡ ಚಿಪ್ಪು ಹುಡುಕಿಕೊಂಡು ಮನೆ ಬದಲಾಯಿಸುತ್ತೆ, ಬೆಂಗಳೂರಿನ ಬಾಡಿಗೆದಾರರ ಹಾಗೆ. ನಾನು ಡೆಸ್ಕಿಗೆ ಅಂತ ಎತ್ತಿಕೊಂಡಿದ್ದು ಯಾರೋ ಒಬ್ಬರ ಮನೆ.

ನೀವು ಹೊರಡುವಾಗ

ಅಂಡಮಾನ್‌ಗೆ ಹೋಗುವವರಿಗೆ ನಮ್ಮ ಅನುಭವದಿಂದ ಕೆಲವು ಮಾತು:

• ಕೊನೆಯ ರಾತ್ರಿ ಹ್ಯಾವ್‌ಲಾಕ್ ಅಥವಾ ನೀಲ್‌ನಲ್ಲಿ ಉಳಿಯಬೇಡಿ, ಪೋರ್ಟ್ ಬ್ಲೇರ್‌ಗೆ ಬಂದುಬಿಡಿ. ಹವಾಮಾನ ಕೆಟ್ಟರೆ ಫೆರ್ರಿ ರದ್ದಾಗುತ್ತೆ, ವಿಮಾನ ನಿಮಗಾಗಿ ಕಾಯಲ್ಲ.

• ಸಣ್ಣ ದ್ವೀಪಗಳಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳೋ ಹಾಗಿಲ್ಲ. ವೆಬ್ ಚೆಕ್-ಇನ್ ಊರಿಗೆ ಬಂದು ಮಾಡಿ, ಬೋರ್ಡಿಂಗ್ ಪಾಸ್ ಫೋನಿನಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

• ಒದ್ದೆ ಬಟ್ಟೆ ತೂಕ ಜಾಸ್ತಿ. ಹೋಗುವಾಗ 14 ಕೆಜಿ ಇದ್ದ ಸೂಟ್‌ಕೇಸ್ ಬರುವಾಗ 15 ದಾಟುತ್ತೆ. ಹಿಂದಿನ ದಿನವೇ ಒಣಗಿಸಿ. ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರಲಿ, ಸೂಟ್‌ಕೇಸಿಗೆ ಹಾಕಬೇಡಿ.

• ಚಿಪ್ಪಿನ ವಸ್ತು ಬೇಕೇ ಬೇಕು ಅಂದ್ರೆ ಸರ್ಕಾರಿ ಸಾಗರಿಕಾ ಎಂಪೋರಿಯಂ ಅಥವಾ ಪರವಾನಗಿ ಇರುವ ಅಂಗಡಿಯಲ್ಲೇ ಕೊಳ್ಳಿ. ಬಿಲ್ ತಕ್ಷಣ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

• ಮಕ್ಕಳ ಜೇಬು, ಹಿರಿಯರ ಕೈಚೀಲ ಹೋಟೆಲಿನಲ್ಲೇ ಒಮ್ಮೆ ನೋಡಿ. ಅದಕ್ಕೂ ಮೊದಲು, ಬೋರ್ಡ್ ಓದಲು ಬಾರದವರಿಗೆ ಓದಿ ಹೇಳಿ. ಎಲ್ಲ ಬೋರ್ಡನ್ನೂ.

ಈಗ ಅಪ್ಪನ ಫೋಟೋದ ಚೌಕಟ್ಟಿಗೆ ಸೆಲ್ಯುಲರ್ ಜೈಲಿನ ಪ್ರವೇಶ ಟಿಕೆಟ್ ಸಿಕ್ಕಿಸಿದ್ದಾರೆ ಅಮ್ಮ. ಊರಿಗೆ ಬಂದ ವಾರಕ್ಕೆ ಪ್ರವಾಸದ ಸೀರೆ ಒಗೆಯಲು ಕೊಡವಿದಾಗ, ಫಾಲ್‌ನ ಹೊಲಿಗೆಯೊಳಗಿಂದ ಒಂದು ಚಿಟಿಕೆ ಬಿಳಿ ಮರಳು ಉದುರಿತು. ಅಮ್ಮ ಅದನ್ನು ಅಂಗೈಯಲ್ಲಿ ಹಿಡಿದು ನನ್ನ ಮುಖ ನೋಡಿದರು. ಆಮೇಲೆ ತುಳಸಿ ಕುಂಡಕ್ಕೆ ಹಾಕುತ್ತಾ ಅಂದರು:

"ಇದನ್ನ ನಾನು ತಂದಿದ್ದಲ್ಲ ಕಣೇ. ಅದೇ ಬಂದಿದ್ದು."