ಇನ್ನು ಐನೂರೇ ಅಡಿ

ಏನಾದರೂ ಬರೆದು ಬಹಳ ದಿನ ಆಯ್ತು. ಹೋದ ಜನವರಿಯ ಈ ಕಥೆ ಬರೆಯೋಕೆ ನಾಲ್ಕು ಸಲ ಕೂತು ಎದ್ದಿದ್ದೇನೆ. ಸೋಮಾರಿತನ ಒಂದು ಕಾರಣ. ಇನ್ನೊಂದು, ಇದರಲ್ಲಿ ನಾನು ಹೀರೋ ಅಲ್ಲ :-)

ಸಿಯಾಟಲ್‌ನಿಂದ ಐ-90 ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟರೆ ಸ್ನೋಕ್ವಾಲ್ಮಿ ಪಾಸ್‌ಗಿಂತ ಸ್ವಲ್ಪ ಮೊದಲು ಎಡಕ್ಕೆ ಗ್ರಾನೈಟ್ ಮೌಂಟನ್ ಇದೆ. ಎತ್ತರ 5,629 ಅಡಿ. ಅಂದರೆ ಹೆಚ್ಚುಕಮ್ಮಿ ನಮ್ಮ ಕುಮಾರಪರ್ವತದಷ್ಟೇ! ಎಡವಟ್ಟಾಗಿದ್ದೇ ಇಲ್ಲಿ. ಇಂಜಿನಿಯರಿಂಗ್ ಓದುವಾಗ ಹವಾಯಿ ಚಪ್ಪಲಿಯಲ್ಲಿ ಕುಮಾರಪರ್ವತ ಹತ್ತಿದವರು ನಾವು, ಇದೇನು ಮಹಾ ಅಂತ ನಾನು, ಭಟ್ಟ, ಗೌಡ ಮೂವರೂ ಒಂದು ಶನಿವಾರ ಬೆಳಗಾಗುವ ಮೊದಲೇ ಹೊರಟೆವು. ಅಲ್ಲಿ ಕಾಲಿಗೆ ಜಿಗಣೆ ಹತ್ತುತ್ತಿತ್ತು, ಇಲ್ಲಿ ಕಾಲೇ ಕಾಣಿಸಲಿಲ್ಲ.

ಕಾರಿನಲ್ಲಿ ಭಟ್ಟ ಹಿಮಕುಸಿತದ ಮುನ್ಸೂಚನೆ ಓದಿದ. ಇಲ್ಲಿ ಚಳಿಗಾಲದಲ್ಲಿ ದಿನಾ ಅದನ್ನು ಪ್ರಕಟಿಸುತ್ತಾರೆ, ಒಂದರಿಂದ ಐದರವರೆಗೆ ಅಪಾಯದ ಅಂಕ. ಅವತ್ತು ಮೂರು. "ಐದಕ್ಕೆ ಮೂರು ಅಂದ್ರೆ ಫಸ್ಟ್ ಕ್ಲಾಸ್ ಕಣೋ" ಅಂದೆ. ಗೌಡ ನಕ್ಕ. ಭಟ್ಟ ನಗಲಿಲ್ಲ. ನಾಲ್ಕು, ಐದು ಅಂದ್ರೆ ಜನ ಹೆದರಿ ಮನೇಲಿರ್ತಾರೆ, ಮೂರು ಇದ್ದಾಗಲೇ ಹೋಗಿ ಸಿಕ್ಕಿಹಾಕಿಕೊಳ್ಳೋದು ಅಂದ. ಆಮೇಲೆ ಇದೇ ಕ್ಯಾಸ್ಕೇಡ್ ಬೆಟ್ಟಸಾಲಿನ ವೆಲ್ಲಿಂಗ್ಟನ್‌ನಲ್ಲಿ 1910ರ ಮಾರ್ಚ್ 1ರಂದು ಹಿಮ ಜಾರಿ, ನಿಂತಿದ್ದ ಎರಡು ರೈಲುಗಳನ್ನು ಕೆಳಕ್ಕೆ ತಳ್ಳಿ 96 ಜನ ಸತ್ತ ಕಥೆ ಶುರು ಮಾಡಿದ. ಬೆಳಬೆಳಗ್ಗೆ ಎಂಥಾ ಮಾತು ಅಂತ ನಾನು ಹಾಡಿನ ಸೌಂಡ್ ಜಾಸ್ತಿ ಮಾಡಿದೆ.

ಬೇಸಿಗೆಯ ದಾರಿ ಹಿಮ ಜಾರಿಬರುವ ಓಣಿಯೊಂದನ್ನು ಅಡ್ಡ ದಾಟುತ್ತದೆ. ಅದಕ್ಕೇ ಚಳಿಗಾಲದಲ್ಲಿ ಹೋಗುವವರು ಮೊದಲೇ ದಾರಿ ಬಿಟ್ಟು, ಮರಗಳಿರುವ ಏಣು ಹಿಡಿದು ನೇರ ಹತ್ತುತ್ತಾರೆ. ನಾವೂ ಹತ್ತಿದೆವು. ಹತ್ತಿದೆವು ಅಂದರೆ... ಒಂದು ಹೆಜ್ಜೆ ಇಟ್ಟರೆ ತೊಡೆಯವರೆಗೆ ಹೂತು, ಆ ಕಾಲನ್ನು ಎರಡೂ ಕೈಯಲ್ಲಿ ಎಳೆದು, ಮತ್ತೆ ಇನ್ನೊಂದು ಹೆಜ್ಜೆ. ಮುಂದಿದ್ದವನಿಗೆ ಇಪ್ಪತ್ತು ಹೆಜ್ಜೆಗೆ ಉಸಿರು ಬಾಯಿಗೆ ಬರುತ್ತಿತ್ತು, ಸರದಿ ಬದಲು. ಚಟ್ನಿಪುಡಿ ಸುತ್ತಿ ತಂದಿದ್ದ ಚಪಾತಿ ಹಪ್ಪಳದ ಹಾಗೆ ಮುರಿಯಿತು.

ಹನ್ನೆರಡೂವರೆಗೆ ಮರಗಳು ಮುಗಿದವು. ತುದಿಯಲ್ಲಿ ಕಾಡ್ಗಿಚ್ಚು ಕಾಯಲು ಕಟ್ಟಿದ ಪುಟ್ಟ ಮನೆ ಕಾಣುತ್ತಿತ್ತು. ಗೌಡನ ವಾಚಿನ ಪ್ರಕಾರ ಇನ್ನು ಐನೂರೇ ಅಡಿ. ಮುಂದೆ ನಾನಿದ್ದೆ. ಬಲಗಾಲು ಇಟ್ಟೆ... ಕೆಳಗಿನ ಹಿಮ "ವೂಂಫ್" ಅಂತ ಒಂದಿಂಚು ಕೂತಿತು. ಅಟ್ಟದ ಮೇಲೆ ಯಾರೋ ಅಕ್ಕಿ ಮೂಟೆ ಕೆಡವಿದ ಹಾಗೆ.

"ಕೇಳಿಸ್ತಾ?" ಹಿಂದಿನಿಂದ ಭಟ್ಟ.

"ಏನು? ಇಲ್ವಲ್ಲ" ಅಂದೆ.

ಅದೇನು ಅಂತ ನನಗೆ ಗೊತ್ತಿತ್ತು. ಗಟ್ಟಿ ಪದರದ ಅಡಿಯ ಸಡಿಲ ಪದರ ನಮ್ಮ ಭಾರಕ್ಕೆ ಕುಸಿಯುವ ಸದ್ದು. ಸಪಾಟು ಜಾಗದಲ್ಲಾದರೆ ಬರೀ ಸದ್ದು. ಮೂವತ್ತು ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಾದರೆ ಮೇಲಿನದ್ದೆಲ್ಲ ಚಪ್ಪಡಿಯಂತೆ ಕಳಚಿಕೊಂಡು ಬರಬಹುದು. ಹೂತವರನ್ನು ಹತ್ತು ಹದಿನೈದು ನಿಮಿಷದಲ್ಲಿ ಅಗೆದು ತೆಗೆಯದಿದ್ದರೆ ಬದುಕುವುದು ಕಷ್ಟ. ಬಾಡಿಗೆಗೆ ತಂದ ಬೀಕನ್, ಸಲಿಕೆ ಎಲ್ಲ ಇತ್ತು. ಅಭ್ಯಾಸ ಮಾಡಿದ್ದು ಮಾತ್ರ ಪಾರ್ಕಿಂಗ್ ಲಾಟಿನಲ್ಲಿ ಐದು ನಿಮಿಷ.

"ನಾನು ಬರಲ್ಲ. ನೀವೂ ಹೋಗ್ಬೇಡ್ರೋ" ಅಂದ ಭಟ್ಟ. ನಾನು ಏನೇನೋ ಅಂದೆ. ಪುಕ್ಕಲ ಅಂದೆ. ನಾಲ್ಕು ಗಂಟೆಗೆ ಎದ್ದು ಬಂದಿದ್ದು ಇದಕ್ಕಾ ಅಂದೆ. ಹೆಂಡತಿ ಬೇಡ ಅಂದಿರ್ಬೇಕು ಅಂತಲೂ ಅಂದೆ, ಅದನ್ನು ಅನ್ನಬಾರದಿತ್ತು. ಗೌಡ ಇಬ್ಬರ ಮುಖವನ್ನೂ ನೋಡಿ, "ನಂಗೂ ಏನೂ ಕೇಳಿಸ್ಲಿಲ್ಲ. ಆದ್ರೆ ಒಬ್ಬನಿಗೆ ಬೇಡ ಅಂದ್ರೆ ಮೂರು ಜನಕ್ಕೂ ಬೇಡ" ಅಂತ ಹೇಳಿ ತಿರುಗಿದ.

ಬೆಟ್ಟ ಏನೂ ಜಾರಲಿಲ್ಲ. ನಾವು ತಿರುಗುವ ಹೊತ್ತಿಗೆ ನಮ್ಮದೇ ಹೆಜ್ಜೆ ಹಿಡಿದು ಮೇಲೆ ಹೋದ ಇಬ್ಬರು ಸ್ಕೀಯವರು, ನಾವು ಕಾರಿನ ಹತ್ತಿರ ಬೂಟು ಬಿಚ್ಚುತ್ತಿರುವಾಗ ನಗುನಗುತ್ತಾ ಇಳಿದು ಬಂದರು. ಮೇಲೆ ಅದ್ಭುತವಾಗಿತ್ತಂತೆ. ನಾನು ಭಟ್ಟನ ಕಡೆ "ನೋಡಿದ್ಯಾ" ಅನ್ನೋ ಥರ ನೋಡಿದೆ. ಅವನು ತಲೆ ತಗ್ಗಿಸಿ ಲೇಸ್ ಬಿಚ್ಚುತ್ತಲೇ ಇದ್ದ.

ಆಮೇಲೆ ನಮ್ಮ ಗುಂಪಿನಲ್ಲಿ ಅವನಿಗೆ "ವೂಂಫ್ ಭಟ್ಟ" ಅಂತ ಹೆಸರು ಬಿತ್ತು. ಇಟ್ಟವನು ನಾನೇ. ಅವನೂ ನಗುತ್ತಾನೆ. ಆದರೆ ಎಲ್ಲಿಗಾದರೂ ಹತ್ತೋಕೆ ಕರೆದರೆ ಈಗ ಏನಾದರೊಂದು ಕೆಲಸ ಇರುತ್ತದೆ. ಮೊನ್ನೆ ಫೋನಿನಲ್ಲಿ ಅದೇ ವಿಷಯ ಬಂತು. "ನಂಗೇ ಏನೋ ಭ್ರಮೆ ಆಗಿರ್ಬೇಕು ಬಿಡೋ" ಅಂದ.

ಭಟ್ಟಾ, ನೀನು ಇದನ್ನ ಓದ್ತೀಯ ಅಂತ ಗೊತ್ತು. ಕೇಳಿಸಿತ್ತು ಕಣೋ.