ತೆರೆಯ ಮರೆಯ ಗಾಯಕಿ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದು ಕಳುಹಿಸಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಅಪ್ಪಣೆ ಮಾಡಿದಾಗ ನಾನು ಬಹಳ ಯೋಚಿಸಿದೆನು. ನನ್ನ ಸಹಪಾಠಿನಿಯರಲ್ಲಿ ಕೆಲವರು ವೈದ್ಯೆಯರಾಗಿಯೂ ಕೆಲವರು ಉಪಾಧ್ಯಾಯಿನಿಯರಾಗಿಯೂ ಲೋಕೋಪಕಾರ ಮಾಡುತ್ತಿರುವರು. ಅವರ ಅನುಭವದ ಮುಂದೆ ಮನೆವಾರ್ತೆಯಲ್ಲಿಯೇ ದಿನಗಳೆದ ನಾನು ಹೇಳತಕ್ಕದ್ದೇನಿರುವುದು? ಕಡೆಗೆ, ನನ್ನ ಮಗಳ ದೆಸೆಯಿಂದ ನಾನು ಕಲಿತ ಒಂದು ಪಾಠವನ್ನೇ ಬರೆಯುವುದೆಂದು ನಿಶ್ಚಯಿಸಿದೆನು. ಆ ಪಾಠವು ನನಗೆ ಜಪಾನ್ ದೇಶದ ಒಬ್ಬ ಗಾಯಕಿಯ ಮೂಲಕ ದೊರಕಿತು. ಹಳೆಯ ವಿದ್ಯಾರ್ಥಿನಿಯರಿಗೂ, ವಿಶೇಷವಾಗಿ ತಾಯ್ತಂದೆಗಳಿಗೂ ಇದರಿಂದ ಅಲ್ಪ ಪ್ರಯೋಜನವಾದರೆ ನಾನು ಧನ್ಯಳು.

ನನ್ನ ಮಗಳಿಗೆ ಜಪಾನೀ ಹಾಡುಗಳನ್ನು ಕೇಳುವುದರಲ್ಲಿ ಬಹು ಆಸಕ್ತಿ. ಅವೆಲ್ಲವೂ ಆ ದೇಶದ ಟೆಲಿವಿಷನ್ನಿನಲ್ಲಿ ತೋರಿಸುವ ಚಿತ್ರಕಥೆಗಳಿಗೆ ಸೇರಿದವು. ಸಾವಿರಾರು ಚಿತ್ರಗಳನ್ನು ಬರೆದು, ಒಂದರ ಹಿಂದೊಂದರಂತೆ ಓಡಿಸಿ, ಜೀವವುಳ್ಳವುಗಳಂತೆ ಕಾಣಿಸುವ ಈ ಕಥೆಗಳಿಗೆ ‘ಅನಿಮೆ’ ಎಂದು ಹೆಸರು. ವಾರವಾರವೂ ಕಥೆಯು ಆರಂಭವಾಗುವ ಮೊದಲು ಸುಮಾರು ಒಂದೂವರೆ ನಿಮಿಷದ ಒಂದು ಪೀಠಿಕೆಯ ಹಾಡು ಇರುವುದು. ನಾಯಕನ ಅಥವಾ ನಾಯಕಿಯ ಸ್ವಭಾವವೇನು, ಆಶೆಯೇನು ಎಂಬುದನ್ನು ಅಷ್ಟರಲ್ಲಿಯೇ ತಿಳಿಸಬೇಕು. ಆರು ವರುಷದ ಮಗುವೂ ಎರಡು ಸಲ ಕೇಳಿ ಹಾಡುವಂತೆ ರಾಗವು ಸುಲಭವಾಗಿರಬೇಕು. ಇಂಥ ಹಾಡುಗಳನ್ನು ನನ್ನ ಮಗಳು ಅರ್ಥವನ್ನು ಹುಡುಕಿಕೊಂಡು ಕಲಿತು, ಮನೆಯಲ್ಲಿ ಕೆಲಸ ಮಾಡುವಾಗಲೆಲ್ಲ ಹಾಡಿಕೊಳ್ಳುತ್ತಿದ್ದಳು.

ಒಂದು ದಿನ ನಾನು ಬೇಸತ್ತು, “ಪರೀಕ್ಷೆಯು ಸಮೀಪಿಸಿದೆ. ಚಿಕ್ಕ ಮಕ್ಕಳ ಗೊಂಬೆಯಾಟದ ಹಾಡುಗಳಲ್ಲಿ ಕಾಲ ಕಳೆಯುವೆಯಾ? ಹಾಡಲೇಬೇಕೆಂದಿದ್ದರೆ ಯೋಗ್ಯವಾದ ಹಾಡುಗಳು ಬೇಕಾದಷ್ಟಿವೆ” ಎಂದು ಗದರಿಸಿದೆನು. “ಆಗಲಿ ಅಮ್ಮ” ಎಂದಳು. ಅಂದಿನಿಂದ ಮನೆಯಲ್ಲಿ ಹಾಡು ಕೇಳಿಸಲಿಲ್ಲ. ಮಗಳು ವಿಧೇಯಳೆಂದು ನಾನು ಸಂತೋಷಪಟ್ಟೆನು. ಮೂರು ತಿಂಗಳು ಕಳೆದ ಮೇಲೆ, ಒಂದು ಆದಿತ್ಯವಾರ ನಮ್ಮ ಸಭೆಯ ಗಾಯನವೃಂದವನ್ನು ನಡೆಸುವವರು ನನ್ನನ್ನು ನಿಲ್ಲಿಸಿ, “ನಿಮ್ಮ ಮಗಳು ಅಭ್ಯಾಸಕ್ಕೆ ಬರುವುದನ್ನು ಏಕೆ ಬಿಟ್ಟಳು?” ಎಂದು ಕೇಳಿದರು. ನಾನು ಏನೂ ಅರಿಯದೆ ನಿಂತೆನು. ಮನೆಗೆ ಬಂದು ವಿಚಾರಿಸಲು ಅವಳು ತಲೆ ತಗ್ಗಿಸಿ, “ಯಾವುದು ಯೋಗ್ಯವೋ ಯಾವುದು ಅಲ್ಲವೋ ನನಗೆ ತಿಳಿಯುವುದಿಲ್ಲ ಅಮ್ಮ. ಸುಮ್ಮನಿರುವುದೇ ಲೇಸೆಂದು ಕಂಡಿತು” ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದ ಕಾರಣವೇ ಅದು ನನ್ನ ಹೃದಯಕ್ಕೆ ಹೆಚ್ಚಾಗಿ ನಾಟಿತು. ಸ್ವಲ್ಪ ಹೊತ್ತು ಕಳೆದ ಮೇಲೆ, “ನಿನಗೆ ಎಲ್ಲಕ್ಕಿಂತ ಇಷ್ಟವಾದ ಹಾಡು ಯಾವುದು? ನನಗೂ ಕೇಳಿಸು” ಎಂದೆನು. ಅವಳು ಅನುಮಾನಿಸುತ್ತಲೇ ಕೇಳಿಸಿದಳು. ಹಾಡಿದವರು ಶ್ರೀಮತಿ ಮಿತ್ಸುಕೊ ಹೊರಿಯೆ ಎಂಬವರು.

ಈ ಗಾಯಕಿಯು 1957ನೆಯ ಇಸವಿಯ ಮಾರ್ಚಿಯಲ್ಲಿ ಜಪಾನಿನ ಕನಗವ ಪ್ರಾಂತ್ಯದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಟೆಲಿವಿಷನ್ನಿನ ಮಕ್ಕಳ ಗಾಯನ ಸ್ಪರ್ಧೆಯಲ್ಲಿ ಹಾಡಿ ಹೆಸರು ಪಡೆದರು. 1969ರಲ್ಲಿ, ಅಂದರೆ 12ನೆಯ ವರುಷದಲ್ಲಿ, ‘ಕುರೆನೈ ಸನ್‌ಶಿರೊ’ ಎಂಬ ಚಿತ್ರಕಥೆಯ ಪೀಠಿಕೆಯ ಹಾಡನ್ನು ಹಾಡಿ ಗಾಯನವೃತ್ತಿಗೆ ಕಾಲಿಟ್ಟರು. ಅದು ತಂದೆಯನ್ನು ಕೊಂದವನನ್ನು ಹುಡುಕುತ್ತ ಹೊರಟ ಒಬ್ಬ ಮಲ್ಲನ ಕಥೆ. ಹಾಡಿದವಳಾದರೋ ಶಾಲೆಗೆ ಹೋಗುವ ಬಾಲಿಕೆ! ಅಂದಿನಿಂದ ಅವರು ಈ ಬಗೆಯ ಹಾಡುಗಳನ್ನು ಬಿಡಲೇ ಇಲ್ಲ. ಜಪಾನೀಯರು ಅವರನ್ನು ಪ್ರೀತಿಯಿಂದ ‘ಮಿಚ್ಚಿ’ ಎಂದು ಕರೆಯುವರು. ಇಸಾವೊ ಸಸಾಕಿ, ಇಚಿರೊ ಮಿಜುಕಿ, ಕುಮಿಕೊ ಓಸುಗಿ ಎಂಬ ಮೂವರೊಂದಿಗೆ ಇವರನ್ನೂ ಸೇರಿಸಿ, ಚಿತ್ರಕಥೆಗಳ ಗಾಯನಕ್ಕೆ ನಾಲ್ವರು ದಿಕ್ಪಾಲಕರೆಂದು ಎಣಿಸುವುದುಂಟು.

ನಾನು ಆ ದಿನ ಕೇಳಿದ ಹಾಡು ‘ಕ್ಯಾಂಡಿ ಕ್ಯಾಂಡಿ’ ಎಂಬ ಕಥೆಯದು. ಇದು 1976ರ ಅಕ್ಟೋಬರಿನಿಂದ 1979ರ ಫೆಬ್ರವರಿಯ ವರೆಗೆ 115 ಕಂತುಗಳಲ್ಲಿ ಪ್ರಸಾರವಾಯಿತು. ಕ್ಯಾಂಡಿಯು ಅಮೇರಿಕಾ ದೇಶದ ಒಬ್ಬ ಅನಾಥ ಬಾಲಿಕೆ. ಮಿಶಿಗನ್ ಸರೋವರದ ಸಮೀಪದಲ್ಲಿರುವ ಒಂದು ಅನಾಥಾಲಯದಲ್ಲಿ ಮಿಸ್ ಪೋನಿ ಎಂಬ ಮಾತೆಯೂ ಒಬ್ಬ ಕ್ರೈಸ್ತ ಸನ್ಯಾಸಿನಿಯೂ ಅವಳನ್ನು ಸಾಕುವರು. ಮುಂದೆ ಅವಳು ಅನೇಕ ಅಪಮಾನಗಳನ್ನೂ ಪ್ರಿಯಜನರ ಮರಣವನ್ನೂ ಸಹಿಸಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ದಾದಿಯಾಗಿ ರೋಗಿಗಳ ಸೇವೆಗೆ ನಿಲ್ಲುವಳು. ಮಿಶನ್ ಶಾಲೆಯಲ್ಲಿ ಕಲಿತ ನಮಗೆ ಇಂಥವಳು ಅಪರಿಚಿತಳೇ? ಹಾಡಿನ ಮಾತುಗಳನ್ನು ಕಥೆಗಾರ್ತಿಯೇ ಬರೆದರು. ರಾಗ ಹಾಕಿದವರು ತಕೆಒ ವತನಬೆ. ಆಗ ಹೊರಿಯೆಯವರಿಗೆ 19 ವರುಷ. ತನ್ನ ರೂಪಕ್ಕಾಗಿ ಕೊರಗದೆ, ಅಳುವ ಹೊತ್ತಿನಲ್ಲಿಯೂ ನಗಲು ಯತ್ನಿಸುವ ಒಬ್ಬ ಹುಡುಗಿಯು ಆ ದನಿಯಲ್ಲಿ ನನ್ನ ಕಣ್ಣ ಮುಂದೆ ಬಂದು ನಿಂತಳು. ಭಾಷೆಯ ಒಂದು ಅಕ್ಷರವೂ ನನಗೆ ತಿಳಿಯದು; ಆದರೂ ತಿಳಿಯಿತು.

ಈ ಕಥೆಗೆ ಮುಂದೆ ಒಂದು ದುಃಖವು ಒದಗಿತು. ಕಥೆಯನ್ನು ಬರೆದ ಕ್ಯೋಕೊ ಮಿಜುಕಿಯವರಿಗೂ ಚಿತ್ರಗಳನ್ನು ಬರೆದ ಯುಮಿಕೊ ಇಗರಶಿಯವರಿಗೂ ಹಕ್ಕಿನ ವಿಷಯದಲ್ಲಿ ವ್ಯಾಜ್ಯ ಹುಟ್ಟಿ, ಅದು ಜಪಾನಿನ ಪರಮೋಚ್ಚ ನ್ಯಾಯಾಲಯದ ವರೆಗೆ ಹೋಗಿ 2001ರಲ್ಲಿ ತೀರ್ಮಾನವಾಯಿತು. ಕಥೆಗಾರ್ತಿಯ ಹಕ್ಕನ್ನು ನ್ಯಾಯಾಲಯವು ಎತ್ತಿಹಿಡಿಯಿತು. ಆದರೆ ಈ ಕಲಹದ ನಿಮಿತ್ತವಾಗಿ ಚಿತ್ರಮಾಲೆಯನ್ನು ಮತ್ತೆ ತೋರಿಸುವುದೂ ಮಾರುವುದೂ ಆ ದೇಶದಲ್ಲಿ ನಿಂತುಹೋಯಿತು. ಚಿತ್ರಗಳು ಕಣ್ಮರೆಯಾದವು, ಹಾಡು ಮಾತ್ರ ಉಳಿಯಿತು. ಕಥೆಯನ್ನು ಒಂದು ಸಲವೂ ನೋಡದ ಮಕ್ಕಳ ಬಾಯಲ್ಲಿಯೂ ಅದು ಉಳಿಯಿತು. ಯಾವುದನ್ನು ನಾವು ಕಥೆಗೆ ಕಟ್ಟಿದ ತೋರಣವೆಂದು ತಿಳಿಯುವೆವೋ ಅದೇ ಕಡೆಗೆ ಮನೆಯ ಕಂಬವಾಗಿ ನಿಂತಿತು.

ಇದಕ್ಕಿಂತಲೂ ಆಶ್ಚರ್ಯಕರವಾದ ಸಂಗತಿಯು ಫಿಲಿಪ್ಪೀನ್ಸ್ ದೇಶದಲ್ಲಿ ನಡೆಯಿತು. 1977ರಲ್ಲಿ ಹೊರಿಯೆಯವರು ‘ವೋಲ್ಟೆಸ್ ಫೈವ್’ ಎಂಬ ಯಂತ್ರವೀರನ ಕಥೆಗೆ ಹಾಡಿದರು. ಕೊಂಬುಳ್ಳವರು ಕುಲೀನರು, ಕೊಂಬಿಲ್ಲದವರು ದಾಸರು ಎಂಬ ಕಟ್ಟಳೆಯಿರುವ ಒಂದು ಪರಲೋಕದ ರಾಜ್ಯವೂ, ತಂದೆಯನ್ನು ಅಗಲಿದ ಮೂವರು ಸಹೋದರರೂ ಅದರಲ್ಲಿರುವರು. 1978ರಿಂದ ಅದು ಫಿಲಿಪ್ಪೀನ್ಸಿನ ಮಕ್ಕಳನ್ನು ಮರುಳುಮಾಡಿತು. ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಿದ್ದರೂ ಹಾಡನ್ನು ಜಪಾನೀ ಭಾಷೆಯಲ್ಲಿಯೇ ಬಿಟ್ಟಿದ್ದರು. 1979ರಲ್ಲಿ ಅಧ್ಯಕ್ಷ ಮಾರ್ಕೋಸರು, ಇಂಥ ಕಥೆಗಳಲ್ಲಿ ಹಿಂಸೆಯು ಹೆಚ್ಚೆಂದು ಹೇಳಿ, ಕಡೆಯ ಕಂತುಗಳು ಬಾಕಿಯಿರುವಾಗಲೇ ಅದನ್ನು ನಿಷೇಧಿಸಿದರು. ದಾಸರು ದೊರೆಗಳ ಮೇಲೆ ಏಳುವ ಕಥೆಯೇ ಸರಕಾರಕ್ಕೆ ಹಿಡಿಸಲಿಲ್ಲವೆಂದು ಜನರು ತಿಳಿದರು. 1986ರಲ್ಲಿ ಆ ಸರಕಾರವು ಬಿದ್ದುಹೋಯಿತು. ಅಂದಿನ ಮಕ್ಕಳು ತಾಯ್ತಂದೆಗಳಾದರು. ಆದರೂ ಆ ಪರಭಾಷೆಯ ಹಾಡನ್ನು ಮರೆಯಲಿಲ್ಲ. ಆ ಕಥೆಯನ್ನು ಫಿಲಿಪ್ಪೀನ್ಸಿನವರೇ 2023ರಲ್ಲಿ ನಟರಿಂದ ಆಡಿಸಿ ಹೊಸದಾಗಿ ತಯಾರಿಸಿದಾಗಲೂ ಹಾಡನ್ನು ಜಪಾನೀ ಭಾಷೆಯಲ್ಲಿಯೇ ಹಾಡಿಸಿದರು. 20 ವರುಷದ ಒಬ್ಬ ತರುಣಿಯು ಹಾಡಿದ ಒಂದು ಮಕ್ಕಳ ಹಾಡು ಸಮುದ್ರವನ್ನು ದಾಟಿ ಒಂದು ಜನಾಂಗದ ನೆನಪಿನಲ್ಲಿ ಮನೆಮಾಡಿತು.

ಪ್ರಿಯ ಸಹೋದರಿಯರೇ, ಹೊರಿಯೆಯವರು ಹಾಡಿದ್ದಲ್ಲದೆ ಚಿತ್ರಕಥೆಗಳ ಪಾತ್ರಗಳಿಗೆ ಮಾತಿನ ದನಿಯನ್ನೂ ಕೊಟ್ಟರು. 1986ರಲ್ಲಿ ಅವರು ಪಾಲಿಯಾನಳ ದನಿಯಾದರು. ಎಲಿನರ್ ಪೋರ್ಟರ್ ಎಂಬವರು 1913ರಲ್ಲಿ ಪ್ರಕಟಿಸಿದ ಈ ಕಥೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಬಡ ಉಪದೇಶಿಯ ಮಗಳಾದ ಪಾಲಿಯಾನಳು ಒಂದು ಗೊಂಬೆಗಾಗಿ ಆಶಿಸಿದ್ದಳು. ಮಿಶನ್ನಿನ ದಾನದ ಪೀಪಾಯಿಯಲ್ಲಿ ಗೊಂಬೆಗೆ ಬದಲಾಗಿ ಕುಂಟರ ಊರುಗೋಲುಗಳು ಬಂದವು. ಅವು ನಮಗೆ ಬೇಕಾಗಿಲ್ಲವಲ್ಲಾ ಎಂದು ಸಂತೋಷಪಡಲು ತಂದೆಯು ಕಲಿಸಿದನು. ಅಲ್ಲಿಂದ ಅವಳ ‘ಸಂತೋಷದ ಆಟ’ವು ಹುಟ್ಟಿತು. ಸತ್ಯವೇದದಲ್ಲಿ ಸಂತೋಷಪಡಿರೆಂದು ಹೇಳುವ ವಾಕ್ಯಗಳು 800 ಇವೆಯೆಂದು ಆ ತಂದೆಯು ಎಣಿಸಿದ್ದನಂತೆ. ಮುಂದೆ ಮೋಟಾರು ತಗಲಿ ಅವಳು ನಡೆಯಲಾರದವಳಾದಾಗ ಆ ಆಟವನ್ನು ಆಡುವುದು ಅವಳಿಗೇ ಕಷ್ಟವಾಗುವುದು. ಆಗ ಅವಳಿಂದ ಅದನ್ನು ಕಲಿತ ಊರಿನವರು ಬಂದು ಅವಳಿಗೆ ಧೈರ್ಯ ಹೇಳುವರು.

ಅದೇ ಕಂಠವು 1996ರಲ್ಲಿ ಎರಡು ಬೇರೆ ಪಾತ್ರಗಳಾಯಿತು. ‘ಸೇಲರ್ ಮೂನ್’ ಎಂಬ ಪ್ರಸಿದ್ಧ ಕಥೆಯಲ್ಲಿ ನಕ್ಷತ್ರಗಳನ್ನು ಹಾಳುಮಾಡುವ ಗ್ಯಾಲಕ್ಸಿಯಾ ಎಂಬ ಕ್ರೂರ ವೈರಿಯ ದನಿಯೂ ಅದೇ. ಹೆಕ್ಟರ್ ಮಾಲೋ ಎಂಬ ಫ್ರೆಂಚ್ ಕಥೆಗಾರನ ಅನಾಥ ಬಾಲಕನನ್ನು ಬಾಲಿಕೆಯನ್ನಾಗಿ ಮಾರ್ಪಡಿಸಿದ ಕಥೆಯಲ್ಲಿ ರೆಮಿ ಎಂಬವಳ ದನಿಯೂ ಅದೇ. 39 ವರುಷದ ಸ್ತ್ರೀಯೊಬ್ಬಳು ಒಂದೇ ವರುಷದಲ್ಲಿ ಮಗುವೂ ರಾಕ್ಷಸಿಯೂ ಆದಳು! ಎರಡರಲ್ಲಿಯೂ ಅವಳ ಮುಖವನ್ನು ಪ್ರೇಕ್ಷಕರು ಕಾಣಲಿಲ್ಲ.

ಇದನ್ನು ಮಗಳು ಹೇಳಿದಾಗ ನನಗೆ ನನ್ನ ಬಾಲ್ಯದ ಒಂದು ಸಂಗತಿಯು ನೆನಪಿಗೆ ಬಂತು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಕ್ರಿಸ್ತ ಜಯಂತಿಯ ನಾಟಕದಲ್ಲಿ ದೇವದೂತನ ಹಾಡನ್ನು ಹಾಡಲು ನನ್ನನ್ನು ಆರಿಸಿದರು. ಆದರೆ ರೆಕ್ಕೆಗಳನ್ನು ಕಟ್ಟಿಕೊಂಡು ರಂಗದ ಮೇಲೆ ನಿಂತವಳು ಮತ್ತೊಬ್ಬಳು. ನಾನು ತೆರೆಯ ಹಿಂದೆ ಹಾರ್ಮೋನಿಯಂ ಬದಿಯಲ್ಲಿ ನಿಂತು ಹಾಡಿದೆನು. ಸಭಿಕರು ಅವಳ ಕಡೆಗೆ ನೋಡಿ ಚಪ್ಪಾಳೆ ತಟ್ಟಿದರು. ಯಾರ ಮೇಲೆಯೂ ದೂರು ಹೇಳಲು ನಾನು ಇದನ್ನು ಬರೆಯಲಿಲ್ಲ. ಆದರೆ ಆ ರಾತ್ರಿ ನಾನು ಅತ್ತದ್ದು ನಿಜ. ಆಮೇಲೆ ಹಾಡುವುದನ್ನು ಕ್ರಮೇಣ ಬಿಟ್ಟದ್ದೂ ನಿಜ. ಕಾಣಿಸದವರ ಹಾಡು ಅಲ್ಪವಾದದ್ದೆಂದು ನನ್ನ ಮನಸ್ಸಿನಲ್ಲಿ ಬೇರೂರಿತು. ಅದೇ ತಕ್ಕಡಿಯಲ್ಲಿ ನಾನು ಮಗಳ ಹಾಡನ್ನೂ ತೂಗಿ, ನನಗೆ ತಗಲಿದ ಗಾಯವನ್ನು ಅವಳಿಗೂ ಮಾಡಿದೆನು. ಹೊರಿಯೆಯವರಾದರೋ ಹನ್ನೆರಡನೆಯ ವರುಷದಲ್ಲಿ ಆ ತೆರೆಯ ಹಿಂದೆ ನಿಂತು, ತನ್ನ ಕೆಲಸವನ್ನು ಕೀಳೆಂದು ಎಣಿಸದೆ ಹಾಡಿದರು. 2019ಕ್ಕೆ ಅವರು ಹಾಡಲಾರಂಭಿಸಿ 50 ವರುಷಗಳು ತುಂಬಿದವು.

ಲೋಕವೂ ತನ್ನ ಎಣಿಕೆಯನ್ನು ಬದಲಾಯಿಸಿಕೊಂಡಿತು. ಇವರು ಹಾಡಲು ತೊಡಗಿದಾಗ ಚಿತ್ರಕಥೆಯ ಹಾಡೆಂದರೆ ಮಕ್ಕಳ ಆಟಿಕೆಯೆಂದು ದೊಡ್ಡವರು ತಿಳಿಯುತ್ತಿದ್ದರು. 1983ರಲ್ಲಿ ಅನ್ರಿ ಎಂಬ ಗಾಯಕಿಯು ‘ಕ್ಯಾಟ್ಸ್ ಐ’ ಎಂಬ ಕಥೆಗೆ ಹಾಡಿದ್ದು ಆ ದೇಶದಲ್ಲಿ ಅತಿ ಹೆಚ್ಚಾಗಿ ಮಾರಾಟವಾಗುವ ಹಾಡುಗಳ ಪಟ್ಟಿಯಲ್ಲಿ ಮೊದಲನೆಯದಾಯಿತು. 2020ರಲ್ಲಿ ಲಿಸಾ ಎಂಬ ಗಾಯಕಿಯು ಇಂಥದೇ ಒಂದು ಚಲನಚಿತ್ರಕ್ಕೆ ಹಾಡಿದ ‘ಹೊಮುರ’ ಎಂಬ ಗೀತಕ್ಕೆ ಜಪಾನಿನ ದೊಡ್ಡ ಗಾಯನ ಪ್ರಶಸ್ತಿಯೇ ದೊರಕಿತು. ಇಂದಿನವರು ನಡೆಯುವ ಹೆದ್ದಾರಿಯು ಮೊದಲು ಕಾಲುದಾರಿಯಾಗಿತ್ತು. ಅದನ್ನು ತುಳಿದು ಮಾಡಿದವರಲ್ಲಿ ಆ ಹನ್ನೆರಡು ವರುಷದ ಬಾಲಿಕೆಯೂ ಒಬ್ಬಳು.

ಆ ಸಂಜೆ ನಾನು ಮಗಳ ಹತ್ತಿರ ಕ್ಷಮೆ ಕೇಳಿದೆನು. ತಾಯಿಯು ಮಗಳ ಹತ್ತಿರ ಕ್ಷಮೆ ಬೇಡುವುದು ನಮ್ಮ ಮನೆಗಳಲ್ಲಿ ವಾಡಿಕೆಯಲ್ಲ, ನಾಲಿಗೆಯು ತಡವರಿಸಿತು. ಅವಳು ಏನೂ ಹೇಳದೆ ಅಡಿಗೆಯ ಮನೆಗೆ ಹೋಗಿ ಪಾತ್ರೆಗಳನ್ನು ತೊಳೆಯತೊಡಗಿದಳು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಂದ ಮೆಲ್ಲಗೆ ಒಂದು ರಾಗವು ಕೇಳಿಬಂತು. ನಾನು ಒಳಗೆ ಹೋಗದೆ ಬಾಗಿಲಿನ ಈಚೆಯೇ ಕುಳಿತು ಕೇಳಿದೆನು. ಮುಂದಿನ ಪುನರುತ್ಥಾನದ ಹಬ್ಬದಲ್ಲಿ ಅವಳು ಗಾಯನವೃಂದದ ಎರಡನೆಯ ಸಾಲಿನಲ್ಲಿ ನಿಂತು ಹಾಡಿದಳು. ಮುಂದೆ ನಿಂತವರು ಎತ್ತರದವರಾದುದರಿಂದ ಅವಳ ಮುಖವು ನನಗೆ ಕಾಣಿಸಲಿಲ್ಲ. ದನಿಯನ್ನು ಮಾತ್ರ ಗುರುತಿಸಿದೆನು.

ತಾಯ್ತಂದೆಗಳೇ, ನಿಮ್ಮ ಮಕ್ಕಳು ಹಾಡುವ ಹಾಡು ನಿಮಗೆ ಅರ್ಥವಾಗದಿದ್ದರೆ ಅದನ್ನು ನಿಲ್ಲಿಸುವ ಮೊದಲು ಒಂದು ಸಲ ಕುಳಿತು ಕೇಳಿರಿ. ಪರೀಕ್ಷೆಗೆ ಓದುವ ಹೊತ್ತನ್ನು ಗೊತ್ತುಮಾಡುವುದು ನಮ್ಮ ಕರ್ತವ್ಯವೇ ಸರಿ. ಆದರೆ ಹಾಡನ್ನು ಹೀನಾಯಿಸುವುದು ನಮ್ಮ ಕರ್ತವ್ಯವಲ್ಲ. ಈಗ ಶಾಲೆಯಲ್ಲಿರುವ ಪ್ರಿಯ ಬಾಲಿಕೆಯರೇ, ಈ ವರುಷದ ನಾಟಕದಲ್ಲಿ ನಿಮ್ಮಲ್ಲಿ ಯಾರಿಗಾದರೂ ತೆರೆಯ ಹಿಂದೆ ಹಾಡುವ ಕೆಲಸವು ಬಂದರೆ ದುಃಖಿಸಬೇಡಿರಿ. ಆ ಹಳೆಯ ಸಭಾಂಗಣದಲ್ಲಿ ನಾನು ನಿಂತ ಮೂಲೆಯು ಈಗಲೂ ಇದ್ದರೆ ಅಲ್ಲಿ ನಿಂತು, ಪೂರ್ಣ ಕಂಠದಿಂದ ಹಾಡಿರಿ.